ಮೂರು ಹೂವು, ಎರಡು ಗುಂಡಿ

ನಾನು ಸೀನಿದೆ. ಮಾರಮ್ಮನ ಮೈಮೇಲೆ ಅಂಟಿಸಿದ್ದ ಮೂರೂ ಹೂವು ಒಟ್ಟಿಗೆ ಉದುರಿದವು.

ನಡೆದದ್ದು ಇಷ್ಟೇ. ಆದರೆ ಆ ಒಂದು ಸೀನಿನಿಂದ ನಮ್ಮ ಅಂಗಳದಲ್ಲಿ ಒಂದು ಜೀವ ಹೋಗುವುದರಲ್ಲಿತ್ತು ಅಂದರೆ ನಂಬುತ್ತೀರಾ?

ಮೊದಲಿಂದ ಹೇಳುತ್ತೇನೆ. ಮೊಳಕಾಲ್ಮೂರಿನ ನಮ್ಮ ಮನೆಗೆ ಪಡುವಣ ದಿಕ್ಕಿನಲ್ಲೊಂದು ಅಂಗಳ. ಅಂಗಳಕ್ಕೆ ಅಂಟಿಕೊಂಡು ಮಗ್ಗದ ಕೋಣೆ. ಅದರ ಮೇಲೆ ಸಿಮೆಂಟ್ ಶೀಟು. ನಮ್ಮ ಮನೆಯವರು ಅಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. (ನಾನು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತೇನೆ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಹರಿದ ಎಳೆ ಕೂಡಿಸುತ್ತೇನೆ. ಯಾರಾದರೂ ಫಾರಂ ಹಿಡಿದು ಕೇಳಲು ಬಂದರೆ ಮಾತ್ರ 'ಗೃಹಿಣಿ'. ಇರಲಿ ಬಿಡಿ.) ಮಧ್ಯಾಹ್ನದ ಬಿಸಿಲು ಆ ಶೀಟಿನ ಮೇಲೆ ಬೀಳದ ಹಾಗೆ ತಡೆಯುತ್ತಿದ್ದದ್ದು ಸಾಲಾಗಿ ನಿಂತ ಮೂರು ಬೇವಿನ ಮರ. ನಮ್ಮ ಮಾವನವರು ಒಂದೇ ತಾಯಿಮರದ ಬುಡದಿಂದ ಮೂರು ಸಸಿ ಕಿತ್ತು ತಂದು ಒಂದೇ ದಿನ ನೆಟ್ಟದ್ದಂತೆ.

ನೆರಳಿಗೇಕೆ ಇಷ್ಟು ಮಾತು ಅನ್ನಬೇಡಿ. ಕೋಣೆ ಕಾದರೆ ರೇಷ್ಮೆ ಎಳೆ ಒಣಗಿ ಬಿಗಿದುಕೊಳ್ಳುತ್ತದೆ. ಪಟ್ ಅಂತ ಹರಿಯುತ್ತದೆ. ಕೂಡಿಸಿ ಮುಗಿಸುವಷ್ಟರಲ್ಲಿ ಪಕ್ಕದ್ದು ಹರಿಯುತ್ತದೆ. ನಮ್ಮ ಕಡೆ ನೇಕಾರನ ಮನೆಗೆ ನೆರಳು ಅಂದರೆ ಮಗ್ಗದ ಇನ್ನೊಂದು ಭಾಗ ಇದ್ದಂತೆ.

ಮೂರನೆಯ ಬೇವಿನ ಬುಡದಲ್ಲಿ ಮಾರಮ್ಮ ಇದ್ದಾಳೆ. ವಿಗ್ರಹವೇನಲ್ಲ, ಒಂದು ಗುಂಡುಕಲ್ಲು. ನಮ್ಮ ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅರಿಶಿನ ಹಚ್ಚಿ ಹಚ್ಚಿ, ಎಲ್ಲಿಯವರೆಗೆ ಅರಿಶಿನ, ಎಲ್ಲಿಂದ ಕಲ್ಲು ಅಂತ ಈಗ ಹೇಳಲಾಗುವುದಿಲ್ಲ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಬೇವಿನ ತುದಿಗಳು ಕಂದಾದವು. ಮೇಲೆ ನಿಂತು ಯಾರೋ ಚಹಾದ ಡಿಕಾಕ್ಷನ್ ಸುರಿದ ಹಾಗೆ. ಮೊದಲು ತುದಿ, ಆಮೇಲೆ ರೆಂಬೆ, ಆಮೇಲೆ ಇಡೀ ತಲೆ. ನಮ್ಮದಷ್ಟೇ ಅಲ್ಲ, ಬೀದಿಯವರದ್ದೆಲ್ಲ. ತವರಿಗೆ ಹೋಗೋಣವೆಂದು ಚಳ್ಳಕೆರೆ ಬಸ್ಸು ಹತ್ತಿದರೆ ಕೊಂಡ್ಲಹಳ್ಳಿ ದಾಟಿದರೂ ಕಿಟಕಿಯಾಚೆ ಅವೇ ಕಂದು ತಲೆಗಳು. ಬೇವಿಗೂ ಕಾಯಿಲೆಯೇ? ಮೈಮೇಲೆ ಅಮ್ಮ ಎದ್ದವರಿಗೆ, ಕಜ್ಜಿಯಾದವರಿಗೆ, ಬಾಣಂತಿಯರಿಗೆಲ್ಲ ಔಷಧಿ ಕೊಟ್ಟ ಮರಕ್ಕೆ ಔಷಧಿ ಕೊಡುವವರು ಯಾರು?

ದೀಪಾವಳಿ ಕಳೆದ ವಾರ ಒಂದು ಒಣ ಕೊಂಬೆ ಮುರಿದು ಶೀಟಿನ ಮೇಲೆ ಬಿತ್ತು. ಶೀಟು ಬಿರುಕು ಬಿಟ್ಟಿತು. ಕೆಳಗೆ ಮಗ್ಗದಲ್ಲಿ ನಮ್ಮ ಮನೆಯವರು ಕೂತಿದ್ದರು. ತಲೆಗೂ ಬಿರುಕಿಗೂ ಮೂರು ಮೊಳ ಅಂತರ. (ದಿನಾ ಸಂಜೆ ದೀಪ ಹಚ್ಚುವಾಗ ಆವತ್ತು ಸಿಕ್ಕ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಚಾಳಿ. ಆವತ್ತು ಒಂದೇ ಬೆರಳು ಮಡಚಿದೆ. ಅದೇ ಸಾಕಾಯಿತು.)

ಮರುದಿನವೇ ಓಬಳೇಶನಿಗೆ ಹೇಳಿಕಳಿಸಿದೆವು. ಮರ ಕಡಿಯುವುದೇ ಅವನ ಕಸುಬು. ರಾಯದುರ್ಗದ ಕಡೆಯವನು, ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ತಲೆಯೆತ್ತಿ ನೋಡಿದ. ಒಂದು ರೆಂಬೆ ಮುರಿದ. ಬಿಸಾಡಿದ.

"ಪೂರ್ತಿ ಹೋಗೈತಮ್ಮಾ. ಮೂರೂ ಅಷ್ಟೇ. ಒಳಗೆ ಏನೂ ಉಳಿದಿಲ್ಲ, ಏಮೀ ಲೇದು."

ಎರಡನ್ನು ಮಧ್ಯಾಹ್ನದೊಳಗೆ ಉರುಳಿಸಿದ. ಮೂರನೆಯದರ ಹತ್ತಿರ ಬಂದಾಗ ನಮ್ಮ ಅತ್ತೆ ಊಟದ ತಟ್ಟೆ ಹಿಡಿದು ಬಂದು ಮಾರಮ್ಮನ ಪಕ್ಕದಲ್ಲೇ ಕೂತರು.

"ಲೇ ಓಬಳೇಶ, ಆ ಕೊಡ್ಲಿ ಈ ಕಡೆ ತಂದ್ರೆ ಮೊದ್ಲು ನನ್ ಕಾಲು ಕಡಿ."

"ಮರ ಸತ್ತೈತೆ ಕಣಜ್ಜೀ."

"ನಾನೂ ಅರ್ಧ ಸತ್ತೀನಿ. ಕಡೀತೀಯಾ?"

ಓಬಳೇಶ ನನ್ನ ಮುಖ ನೋಡಿದ. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಆಕಾಶ ನೋಡಿದರು. (ತಾಯಿ ಮಾತಾಡುವಾಗ ಮಗ ಆಕಾಶ ನೋಡುವುದು ನಮ್ಮ ಮನೆಯ ಪದ್ಧತಿ.) ಮೂರನೆಯ ಮರ ಉಳಿಯಿತು. ಶೀಟಿನ ಮೇಲೆ ಚಾಚಿದ್ದ ಎರಡು ಕೊಂಬೆಯನ್ನಷ್ಟೇ ಕತ್ತರಿಸಿ ಕೊಡಲಿ ಹೆಗಲಿಗೇರಿಸಿದ.

ಕಡಿದ ಎರಡು ಮರದ ತುಂಡುಗಳನ್ನು ಗೋಡೆಗೆ ಒಟ್ಟಿದೆವು. ಬೇವನ್ನು ಅಡುಗೆ ಒಲೆಗೆ ಹಾಕಬಾರದು ಎಂದರು ಅತ್ತೆ. ಬಚ್ಚಲ ಒಲೆಗಾದರೂ ಆಗಲಿ ಎಂದೆ ನಾನು. ಒಪ್ಪಿದರು. ಆದರೆ ಆ ಸೌದೆ ಎಂಥ ಹಟಮಾರಿ ಅಂತೀರಿ! ಹತ್ತಿಕೊಳ್ಳುವುದಿಲ್ಲ. ಹೊಗೆ. ಚುಂಯ್ ಅನ್ನುವ ಸದ್ದು. ತುದಿಯಲ್ಲಿ ನೊರೆ. ಊದುಕೊಳವೆ ಊದಿ ಊದಿ ಚಳಿಗಾಲವಿಡೀ ನನ್ನ ಕಣ್ಣು ಕೆಂಪು. "ಇದ್ದಾಗ ತಂಪು ಮಾಡಿದ್ದಕ್ಕೆ ಈಗ ಬಡ್ಡಿ ವಸೂಲಿ ಮಾಡ್ತಿದೀಯಾ?" ಅಂತ ಅದಕ್ಕೆ ಬೈಯುತ್ತಾ ನೀರು ಕಾಯಿಸಿದೆ.

ಇನ್ನು ಬುಡ ಕಿತ್ತು ಗುಂಡಿ ಬಿದ್ದ ಎರಡು ಜಾಗ. ಅಲ್ಲಿ ಏನು ನೆಡುವುದು?

ಇಷ್ಟು ಸಣ್ಣ ಪ್ರಶ್ನೆ ನನ್ನನ್ನು ಇಷ್ಟು ದೂರ ಕರೆದುಕೊಂಡು ಹೋಗುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಕಂಡಿಕೆ ಸುತ್ತುತ್ತಾ ಫೋನಿನಲ್ಲಿ ಮರಗಳ ವಿಡಿಯೋ ಹುಡುಕಿದೆ. ಯಾವುದೋ ಹಿಮ ಬೀಳುವ ದೇಶದ ಹೆಂಗಸೊಬ್ಬಳು ಸಿಕ್ಕಳು. ಮೊಣಕಾಲುದ್ದ ಹಿಮದಲ್ಲಿ ನಿಂತು ತನ್ನ ಅಂಗಳ ತೋರಿಸುತ್ತಿದ್ದಳು. (ನಾನು ಹಿಮ ಅಂತ ನೋಡಿರುವುದು ಫ್ರಿಜ್ಜಿನ ಮೇಲ್ಗಡೆ ಡಬ್ಬಿಯಲ್ಲಿ ಮಾತ್ರ.) ಅವಳ ಭಾಷೆ ಅರ್ಧ ತಿಳಿಯಿತು, ಅವಳ ಸಂಕಟ ಪೂರ್ತಿ ತಿಳಿಯಿತು. ಅವರ ಬೀದಿಯುದ್ದಕ್ಕೂ ಒಂದೇ ಜಾತಿಯ ಮರ ನೆಟ್ಟಿದ್ದರಂತೆ. ಯಾವುದೋ ಹುಳ ಬಂತಂತೆ. ಬೀದಿಗೆ ಬೀದಿಯೇ ಬೋಳಾಯಿತಂತೆ. ಅದಕ್ಕೇ ಈಗ ಒಂದೊಂದು ಗುಂಡಿಗೆ ಒಂದೊಂದು ಜಾತಿ ಹುಡುಕುತ್ತಿದ್ದಾಳೆ. ಒಂದು ಹಿಮದ ಚಳಿಗೆ ಕಾಂಡ ಸೀಳಿಹೋಗದ್ದು, ಒಂದು ಹಕ್ಕಿಗೆ ಹಣ್ಣು ಕೊಡುವುದು, ಒಂದು ಚಳಿಗಾಲದಲ್ಲಿ ಎಲೆ ಉದುರಿಸಿ ಮನೆಯೊಳಗೆ ಬಿಸಿಲು ಬಿಡುವುದು.

ಬಿಸಿಲು ಬೇಕಂತೆ ಅವಳಿಗೆ! ಬಂದು ನಮ್ಮಲ್ಲಿ ಒಂದು ವೈಶಾಖ ಕಳೆಯಲಿ, ಬುಟ್ಟಿಗಟ್ಟಲೆ ಕೊಟ್ಟು ಕಳಿಸುತ್ತೇನೆ.

ನಗಾಡಿದೆನಾದರೂ ಅವಳ ಮಾತು ತಲೆಯಲ್ಲೇ ಕೂತಿತು. ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಹೇಳಿದೆ. ಅವರು ರಾಗಿ ಮುದ್ದೆ ಮುರಿಯುತ್ತಾ, "ಇದಕ್ಕೆ ಹಿಮದ ದೇಶಕ್ಕೆ ಯಾಕೆ ಹೋದೆ?" ಎಂದರು. "ಒಂದೇ ಹಾಸಿನಾಗೆ ಮೂರು ಸೀರೆ ನೇಯ್ತೀವಿ. ಹಾಸಿನಾಗೆ ತಪ್ಪು ಐತೆ ಅಂದ್ರೆ ಮೂರು ಸೀರೇಲೂ ಅದೇ ತಪ್ಪು. ಅಪ್ಪ ಒಂದೇ ಹಾಸಿನ ಮರ ನೆಟ್ಟಿದ್ರು."

ನಾನು ಮೂರು ದಿನ ಫೋನು ತಿಕ್ಕಿ ತಿಳಿದದ್ದನ್ನು ಈ ಮನುಷ್ಯ ಒಂದು ತುತ್ತಿನಲ್ಲಿ ಹೇಳಿ ಮುಗಿಸಿದರು. ಗಂಡಂದಿರಿಗೆ ಈ ಅಭ್ಯಾಸ ಎಲ್ಲಿಂದ ಬರುತ್ತದೆ?

ಸರಿ, ಬೇರೆ ಬೇರೆ ಮರ ಅಂತಾಯಿತು. ಯಾವುದು? ಬೀದಿಯವರೆಲ್ಲ ಸಲಹೆ ಕೊಟ್ಟರು. ಹುಣಸೆ ಎಂದವರಿದ್ದರು. ಹುಣಸೆ ಬಂದರೆ ಅದರ ಹಿಂದೆ ದೆವ್ವವೂ ಬರುತ್ತದೆ ಎಂದರು ಅತ್ತೆ. ನೇರಳೆ ನನಗಿಷ್ಟ. ಆದರೆ ಬೆಳಗಿನ ತಂಪಿನಲ್ಲಿ ನಾವು ರೇಷ್ಮೆ ಹಾಸನ್ನು ಅಂಗಳದುದ್ದಕ್ಕೂ ಬಿಡಿಸಿ ಕಟ್ಟುತ್ತೇವೆ. ಬಿಳಿ ಹಾಸಿನ ಮೇಲೆ ಒಂದೇ ಒಂದು ನೇರಳೆ ಹಣ್ಣು ಬಿದ್ದರೆ ಸೀರೆಗೆ ನಾವು ನೇಯದ ಹೂವೊಂದು ಬಂದುಬಿಡುತ್ತದೆ. ಉದ್ದಕ್ಕೆ ನೆಟ್ಟಗೆ ಬೆಳೆಯುವ ಆ ಅಶೋಕ? ಅದು ಕಾವಲುಗಾರನ ಹಾಗೆ ನಿಲ್ಲುತ್ತದೆ, ಛತ್ರಿ ಹಿಡಿಯುವುದಿಲ್ಲ. ಕಮರ ನಮ್ಮ ಸೀಮೆಯದೇ ಮರ, ಎಂಥ ಬಿಸಿಲಿಗೂ ಜಗ್ಗದು. ಆದರೆ ಅದು ಬೆಳೆದು ನೆರಳು ಕೊಡುವ ಹೊತ್ತಿಗೆ ಮಗ್ಗದಲ್ಲಿ ಯಾರು ಕೂತಿರುತ್ತಾರೋ.

ಕೊನೆಗೆ ನಮ್ಮ ಮನೆಯವರು ಹೊಂಗೆ ಎಂದರು. ಬಿಸಿಲು ಏರುವಾಗಲೇ ಹೊಸ ಎಲೆ ಬಿಡುವ ಮರ, ದಟ್ಟ ನೆರಳು. ಅದಕ್ಕೆ ಎದುರು ಮಾತಿಲ್ಲ.

ನಾನು ಚಳ್ಳೆ ಎಂದೆ. ಚಳ್ಳಕೆರೆಯಲ್ಲಿ ಹುಟ್ಟಿದವಳು ಇನ್ನೇನು ಅಂದಾಳು? ನಮ್ಮೂರಿಗೆ ಹೆಸರು ಬಂದದ್ದೇ ಆ ಮರದಿಂದ ಅಂತ ನಮ್ಮಜ್ಜಿ ಹೇಳುತ್ತಿದ್ದಳು. (ನಿಜವೋ ಸುಳ್ಳೋ ಬಲ್ಲವರು ಬಲ್ಲರು. ಅಜ್ಜಿಯ ಮಾತಿಗೆ ಪುರಾವೆ ಕೇಳುವ ಧೈರ್ಯ ಯಾರಿಗಿತ್ತು?) ಬೇಗ ಬೆಳೆಯುತ್ತದೆ, ಕಾಯಿ ಉಪ್ಪಿನಕಾಯಿಗಾಗುತ್ತದೆ, ಹಣ್ಣಿಗೆ ಹಕ್ಕಿ ಬರುತ್ತವೆ. ಚಿಕ್ಕವಳಿದ್ದಾಗ ಆ ಹಣ್ಣಿನ ಲೋಳೆ ಹಚ್ಚಿ ಗಾಳಿಪಟದ ಕಾಗದ ಅಂಟಿಸುತ್ತಿದ್ದೆವು.

ಅತ್ತೆಯದು ಒಂದೇ ಮಾತು. "ಬೇವು ಕಡಿದಲ್ಲಿ ಬೇವೇ."

"ಅದಕ್ಕೇ ರೋಗ ಬಂದಿದ್ದಲ್ವಾ ಅತ್ತೆ?"

"ನಿಮ್ಮಪ್ಪಂಗೆ ಜ್ವರ ಬಂತು ಅಂತ ಬ್ಯಾರೆ ಅಪ್ಪನ್ನ ತಂದ್ಕಂಡ್ರಾ?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಬರೆದು ಕಳಿಸಿ.

ಮೂವರು, ಮೂರು ಮರ, ಎರಡು ಗುಂಡಿ. ಶಿವರಾತ್ರಿ ಕಳೆದ ಸೋಮವಾರ ಅತ್ತೆ, "ಅಮ್ಮನ್ನೇ ಕೇಳಾನ" ಎಂದರು. ನಮ್ಮಲ್ಲಿ ಹೂ ಕೇಳುವ ಪದ್ಧತಿ ಇದೆ. ಒದ್ದೆ ಹೂವನ್ನು ದೇವರ ಮೈಗೆ ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ಕೂರುವುದು. ಹೂವು ಬಿದ್ದರೆ ಅಪ್ಪಣೆ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಒಂದೇ ಹೂವು ಎನ್ನುವುದು ನಿಯಮ. ನಮಗೆ ಅವಸರ. ಮೂರು ಕಣಗಿಲೆ ಅಂಟಿಸಿದೆವು. ಬಲಗಡೆ ಹೊಂಗೆಗೆ, ಎಡಗಡೆ ಚಳ್ಳೆಗೆ, ನಡುವಿನದು ಬೇವಿಗೆ. ಮೊದಲು ಬಿದ್ದ ಎರಡು ಹೂವಿನ ಮರ ಅಂತ ಮಾತು.

ಅತ್ತೆ ಕೆಂಡಕ್ಕೆ ಲೋಬಾನ ಹಾಕಿದರು. ಹೊಗೆ ನೆಟ್ಟಗೆ ನನ್ನ ಮೂಗಿಗೆ ಬಂತು. ಮುಂದಿನದು ನಿಮಗೆ ಗೊತ್ತು.

"ಅಯ್ಯೋ, ನಾನು ಸೀನಿದ್ದಕ್ಕೆ ಬಿತ್ತು ಅತ್ತೆ. ಇನ್ನೊಂದ್ಸಲ ಇಡಾನ."

"ಸೀನು ಯಾರು ಕೊಟ್ಟಿದ್ದು?" ಎಂದರು ಅತ್ತೆ. "ಅವಳೇ ಅಲ್ವಾ?"

ಆಮೇಲೆ ಎದ್ದು ನಿಂತರು. ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಒಂದೂ ಎಲೆಯಿರಲಿಲ್ಲ. ಬಿಸಿಲು ನೇರವಾಗಿ ಅಮ್ಮನ ನೆತ್ತಿಗೆ ಬೀಳುತ್ತದೆಂದು ತಮ್ಮ ಹಳೆಯ ಸೀರೆಯೊಂದನ್ನು ಅವರೇ ಕಲ್ಲಿನ ಮೇಲೆ ಚಪ್ಪರದ ಹಾಗೆ ಕಟ್ಟಿದ್ದರು. 'ಅಮ್ಮ ಬಿಸಿಲಾಗೆ ಕೂತ್ರೆ ನಾನು ಹೆಂಗೆ ನೆಳ್ಳಾಗೆ ಉಣ್ಲಿ' ಅಂತ.

"ಮೂರೂ ಬಿತ್ತು ಅಂದ್ರೆ ಮೂರೂ ನೆಡು ಅಂದ್ಲು. ಗುಂಡಿ ಎರಡೈತೆ. ಇದನ್ನೂ ತೆಗೀರಿ ಅಂತ ಅವಳೇ ಅಪ್ಪಣೆ ಕೊಟ್ಲು. ಓಬಳೇಶಂಗೆ ಹೇಳು."

ತಟ್ಟೆ ಹಿಡಿದು ಮರದ ಬುಡದಲ್ಲಿ ಕೂತವರು ಇವರೇನಾ? ದನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

ನನಗೆ ಅನುಮಾನ ಹತ್ತಿಕೊಂಡದ್ದು ಆವತ್ತಿನಿಂದ. ನಾನು ದೇವರನ್ನು ಅನುಮಾನಿಸುವವಳಲ್ಲ. ನನ್ನ ಮೂಗನ್ನು ಅನುಮಾನಿಸುತ್ತೇನೆ. ಅದು ಅಮ್ಮನ ಅಪ್ಪಣೆಯೇ ಆಗಿದ್ದರೆ ಸರಿ. ಬರೀ ಲೋಬಾನದ ಹೊಗೆಯಾಗಿದ್ದರೆ? ಅವಳ ಮರವನ್ನು ಅವಳ ಹೆಸರಿನಲ್ಲಿ ಕಡಿಸಿದವಳು ನಾನಾಗುವುದಿಲ್ಲವೇ?

ಓಬಳೇಶ ಗುರುವಾರ ಬರುತ್ತೇನೆ ಎಂದ. ಬರಲಿಲ್ಲ. ಶುಕ್ರವಾರ ಅಮ್ಮನ ವಾರ, ಕೊಡಲಿ ಮುಟ್ಟುವಂತಿಲ್ಲ. ಮುಂದೆ ಮಂಗಳವಾರ, ಅದೂ ಆಗದು. ನಡುವೆ ಅವನಿಗೆ ರಾಂಪುರದಲ್ಲಿ ಕೆಲಸ. ಆಮೇಲೆ ಅಮಾವಾಸ್ಯೆ, ಅದರ ಬೆನ್ನಿಗೆ ಯುಗಾದಿ. ಯುಗಾದಿ ಆದ ಶನಿವಾರ ಅಂತ ಗಟ್ಟಿಯಾಯಿತು. ಪಂಚಾಂಗ ಎಳೆದಷ್ಟೂ ನಾನು ಸಂಜೆ ಒಂದೊಂದು ಬೆರಳು ಮಡಚುತ್ತಿದ್ದೆ.

ಈ ನಡುವೆ ಸಸಿ ತರಲು ಚಳ್ಳಕೆರೆಗೆ ಹೋದೆ. ಊರಾಚೆ ಇಮಾಮ್ ಸಾಬ್ರ ನರ್ಸರಿ. ವಯಸ್ಸಾದವರು, ಗಿಡಗಳ ಜೊತೆ ಮಾತಾಡಿ ಮಾತಾಡಿ ದನಿಯೇ ತಗ್ಗಿಹೋಗಿದೆ. "ಮೂರು ಗಿಡ ಕೊಡಿ, ಹೊಂಗೆ, ಚಳ್ಳೆ, ಬೇವು" ಎಂದೆ.

"ಕೂತ್ಕೊ ಬೇಟಿ. ಮೊದ್ಲು ಜಾಗ ಹೇಳು, ಆಮೇಲೆ ಗಿಡ."

ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ಮೇಲೆ ಕರೆಂಟ್ ವೈರ್ ಇದೆಯಾ? ಕೆಳಗೆ ಪೈಪ್ ಹೋಗಿದೆಯಾ? ಬಚ್ಚಲ ನೀರು ಯಾವ ಕಡೆ ಹರಿಯುತ್ತದೆ? ನೀರು ಹಾಕುವವರು ಯಾರು, ನೀನೋ ಯಜಮಾನರೋ?

"ನಾನೇ."

"ಹಂಗಾದ್ರೆ ಬದುಕ್ತದೆ. ಹಾಸು ಎಲ್ಲಿ ಬಿಡಿಸ್ತೀರಿ?"

ನಾವು ನೇಕಾರರು ಅಂತ ನಾನು ಹೇಳಿಯೇ ಇರಲಿಲ್ಲ. ನನ್ನ ಬೆರಳು ನೋಡಿ ತಿಳಿದರಂತೆ. ರೇಷ್ಮೆ ಎಳೆ ಕೊರೆದ ಗೆರೆ ಅಡಗಿಸಲು ಆಗುತ್ತದೆಯೇ?

"ಅಂಗಳದಾಗೇ ಸಾಬ್ರೇ."

"ಚಳ್ಳೆ ಎಲ್ಲಿ ನೆಡ್ತೀಯಾ?"

"ಅಲ್ಲೇ. ಮಗ್ಗದ ಕೋಣೆ ಪಕ್ಕದ ಗುಂಡೀಗೆ."

ಸಾಬ್ರು ಹಣೆಗೆ ಕೈ ಹಚ್ಚಿದರು. "ಯಾ ಅಲ್ಲಾ! ಆ ಹಣ್ಣಿನ ಲೋಳೆ ಬೆರಳಿಗೆ ಅಂಟಿದ್ರೆ ಸೋಪ್ ಹಾಕಿ ತಿಕ್ಬೇಕು. ರೇಷ್ಮೆಗೆ ಅಂಟಿದ್ರೆ ಏನ್ ಹಾಕಿ ತಿಕ್ತೀಯಾ?"

ನೇರಳೆಯ ಕಲೆಗೆ ಹೆದರಿ ಅದನ್ನು ಬಿಟ್ಟವಳು, ಆ ಲೋಳೆಯಿಂದಲೇ ಗಾಳಿಪಟ ಅಂಟಿಸಿದವಳು, ಅಂಟಿನ ಡಬ್ಬಿಯನ್ನೇ ರೇಷ್ಮೆ ಹಾಸಿನ ನೆತ್ತಿಗೆ ನೇತುಹಾಕಲು ಹೊರಟಿದ್ದೆ! ತವರಿನ ಆಸೆ ಅಂದರೆ ಹೀಗೇ. ನೆನಪಿನಲ್ಲಿ ಸಿಹಿ ಇರುತ್ತದೆ, ಅಂಟು ಇರುವುದಿಲ್ಲ.

"ಹೊಂಗೆ ಹಾಸಿನ ಕಡೆ ಗುಂಡೀಗೆ. ಹೂ ಉದುರಿದ್ರೂ ಗುಡಿಸಿದ್ರೆ ಆಯ್ತು. ಚಳ್ಳೆ ಆ ತುದಿ ಗುಂಡೀಗೆ, ಬಚ್ಚಲ ಕಡೆ. ನೀರೂ ಸಿಗ್ತದೆ, ಹಕ್ಕಿನೂ ದೂರ ಕೂರ್ತಾವೆ. ಮೂರನೇದು ಬೇವು ಅಂದೆ. ಎಲ್ಲಿಗೆ? ಗುಂಡಿ ಎರಡೇ ಅಲ್ವಾ?"

"ಇನ್ನೊಂದು ಮರ ಕಡೀಬೇಕು."

"ಸತ್ತೈತಾ?"

"ಒಣಗೈತೆ."

"ನಾನು ಕೇಳಿದ್ದು ಸತ್ತೈತಾ ಅಂತ."

ಸಾಬ್ರು ಎದ್ದು ಗೇಟಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲೂ ಒಂದು ಬೇವು, ನಮ್ಮದರ ಹಾಗೆಯೇ ಕಂದು ಕಂದು. ಹೆಬ್ಬೆರಳಿನ ಉಗುರಿನಿಂದ ಒಂದು ರೆಂಬೆಯ ತೊಗಟೆ ಗೀರಿದರು. ಒಳಗೆ ಎಳೇ ಅವರೆಕಾಯಿಯ ಹಸಿರು.

"ಬೇಮಾರ್ ಐತೆ ಅಷ್ಟೇ. ಅದ್ಯಾವುದೋ ಬೂಷ್ಟು, ತುದಿಯಿಂದ ಕೆಳಕ್ಕೆ ಇಳೀತದೆ. ಬಿಸಿಲು ಏರಿದ ಮೇಲೆ ಎಷ್ಟೋ ಮರ ಚಿಗುರ್ತಾವೆ. ಕೆಲವು ಚಿಗುರಲ್ಲ. ಗೀರಿ ನೋಡ್ದೆ ಹೆಂಗೆ ಹೇಳ್ತೀಯಾ?"

ಸಾಬ್ರು ಆವತ್ತು ನನಗೆ ಒಂದೇ ಒಂದು ಗಿಡವನ್ನೂ ಮಾರಲಿಲ್ಲ. ಎರಡು ಗುಂಡಿಯೂ ಬೇಸಿಗೆಯ ಬಿಸಿಲು ಕುಡಿಯಲಿ, ಗಿಡವನ್ನು ಮಳೆ ಬಿದ್ದ ಮೇಲೆ ಒಯ್ಯಿ ಎಂದರು. ಖಾಲಿ ಚೀಲ ಹಿಡಿದು ಬಸ್ಸು ಹತ್ತಿದೆ. ಮಾರುವವನೇ ಬೇಡ ಎನ್ನುವ ಅಂಗಡಿಯನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

ಮನೆಯಲ್ಲಿ ಅತ್ತೆ ಕೇಳಿಸಿಕೊಂಡರು. ಆಮೇಲೆ ಗುಡುಗಿದರು.

"ಅಮ್ಮನ ಮರಕ್ಕೆ ಉಗುರು ಹಾಕ್ತೀಯಾ? ನಿನ್ ಮೈಗೆ ಹಾಕಿದ್ರೆ ಸುಮ್ನಿರ್ತೀಯಾ? ಹೂವು ಬಿದ್ದೈತೆ. ಅವಳು ಹೇಳಿದ್ ಮ್ಯಾಲೆ ಸಾಬ್ರು ಹಿಂಗಂದ್ರು, ಫೋನಿನ ದೊರೆಸಾನಿ ಹಂಗಂದ್ಲು ಅಂತ ತಿದ್ದಾಕಾಗ್ತದಾ?"

ಅವರ ಸಿಟ್ಟು ನನ್ನ ಮೇಲಲ್ಲ ಅಂತ ಗೊತ್ತಿತ್ತು. ಆಸೆ ಬಿಟ್ಟು ಗಟ್ಟಿಯಾದವರ ಮುಂದೆ ಮತ್ತೆ ಆಸೆ ತಂದಿಟ್ಟರೆ ಸಿಟ್ಟು ಬರದೇ ಇರುತ್ತದೆಯೇ?

ಯುಗಾದಿ ಬಂತು. ಬೇವಿನ ಹೂವಿಗೆಂದು ಇಡೀ ಬೀದಿ ಸುತ್ತಿದೆ. ಒಂದು ಎಸಳಿಲ್ಲ. ಅತ್ತೆ ಎಲ್ಲರ ಅಂಗೈಗೆ ಬರೀ ಬೆಲ್ಲ ಹಾಕಿದರು. "ಯಾವ ವರ್ಷ ಬರೀ ಬೆಲ್ಲ ಇರ್ತದೆ? ದೇವ್ರ ಮುಂದೆ ಸುಳ್ಳು ಹೇಳಿದಂಗಾತು" ಎಂದು ತಮ್ಮ ಪಾಲಿನ ಬೆಲ್ಲವನ್ನು ಡಬ್ಬಿಗೇ ಹಾಕಿಬಿಟ್ಟರು.

ಶನಿವಾರ ಬೆಳಿಗ್ಗೆ ಓಬಳೇಶ ಬಂದ. ಕೊಡಲಿಯನ್ನು ಕಲ್ಲಿಗೆ ಮಸೆಯತೊಡಗಿದ. ಆ ಸದ್ದಿಗೆ ಮಗ್ಗದ ಸದ್ದು ನಿಂತಿತು. ನಮ್ಮ ಮನೆಯವರು ಬಾಗಿಲಿಗೆ ಬಂದು ನಿಂತರು. ಅತ್ತೆ ಜಗಲಿಯ ಮೇಲೆ, ಮರಕ್ಕೆ ಬೆನ್ನು ಮಾಡಿ ಕೂತಿದ್ದರು.

ನಾನು ಸೀರೆಯ ಚಪ್ಪರದಡಿ ಬಗ್ಗಿ ಕೈಮುಗಿದೆ. "ತಾಯೀ, ತಪ್ಪಿದ್ರೆ ನಂದು" ಎಂದೆ. ಎದ್ದು ಒಂದು ರೆಂಬೆ ಎಳೆದು ಗೀರಿದೆ. ಕಂದು ಪುಡಿ ಉದುರಿತು. ಇನ್ನೊಂದು ಕೊಂಬೆ. ಅಲ್ಲೂ ಕಂದು.

"ನಾನು ಆವತ್ತೇ ಹೇಳಿದ್ನಲ್ಲ ತಲ್ಲೀ" ಎಂದ ಓಬಳೇಶ.

ಕೆಳಗೆ ಬಂದೆ. ಕಲ್ಲಿನ ಪಕ್ಕದಲ್ಲಿ, ಬುಡದಿಂದ ಗೇಣು ಮೇಲೆ, ಮೂಡಲ ಕಡೆಗೆ ಗೀರಿದೆ. ಬಟ್ಟಲಿನ ತಳದಲ್ಲಿ ಉಳಿದ ನೀರಿನ ಹಾಗೆ ಅಲ್ಲೊಂದು ಸಣ್ಣ ಹಸಿರು.

"ಅತ್ತೆ" ಎಂದೆ. ಅಷ್ಟೇ ಅಂದದ್ದು.

ಎದ್ದು ಬಂದರು. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬಗ್ಗಿ ಬೆರಳಿನಿಂದ ಗೀರನ್ನು ಸವರಿದರು. ಆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು. ಮುಖ ಕಿವುಚಿದರು.

"ಕಹಿ ಐತೆ."

ಇನ್ನೊಮ್ಮೆ ಸವರಿ ನೆಕ್ಕಿದರು.

"ಕಹಿ ಐತೆ ಕಣೇ. ಜೀವ ಐತೆ."

ಬಟ್ಟಲಿನಿಂದ ಅರಿಶಿನ ತೆಗೆದು ಗಾಯಕ್ಕೆ ಮೆತ್ತಿದರು. "ಓಬಳೇಶ, ಕೊಡ್ಲಿ ಮಡಗು. ಚಾ ಕುಡ್ದು ಹೋಗು."

"ಮತ್ತೆ ಹೂವು ಬಿದ್ದಿದ್ದು?" ಅಂತ ನಮ್ಮ ಮನೆಯವರು ಮೆಲ್ಲಗೆ ಕೇಳಿದರು. (ಆ ಒಂದು ಸಲ ಆಕಾಶ ನೋಡಲಿಲ್ಲ.)

ಅತ್ತೆ ತಿರುಗಿ ನೋಡಿದರು. "ನಡುವಿನ ಹೂವು ಬಿದ್ದಿದ್ದು ಬೇವು ಇರ್ಲಿ ಅಂತ. ಇದೇನು ಹುಣಸೇನಾ?"

ದೇವರ ಮಾತಿಗೆ ಅರ್ಥ ಹೇಳುವುದು ಪಂಡಿತರಿಗೆ ಮಾತ್ರ ಬರುತ್ತದೆ ಅಂದವರು ಯಾರು?

ಓಬಳೇಶ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ. ಬಸಿ ತೆಗೆದುಕೊಳ್ಳಲು ಹೋದಾಗ ಕೇಳಿದೆ. "ಓಬಳೇಶಣ್ಣ, ಆವತ್ತು ಕಡಿದ್ಯಲ್ಲ, ಅವೆರಡು. ಕೊಡ್ಲಿ ಹಾಕಿದಾಗ ಒಳಗೆ ಹೆಂಗಿತ್ತು?"

ಅವನು ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿದ. ಎದ್ದು ನಿಂತ. "ಇಪ್ಪುಡು ಎಂದುಕಮ್ಮಾ ಅದೆಲ್ಲ? ಈಗ ಯಾಕೆ? ನೀವು ಕಡಿ ಅಂದ್ರಿ, ಕಡಿದೆ" ಎಂದ. ಚಪ್ಪಲಿ ಮೆಟ್ಟಿ ಹೊರಟ. ಗೇಟು ದಾಟುವವರೆಗೂ ತಿರುಗಿ ನೋಡಲಿಲ್ಲ.

ಹದಿನೈದು ದಿನಕ್ಕೆ ಮರ ಚಿಗುರಿತು. ಪೂರ್ತಿ ಅಲ್ಲ. ಮೂಡಲ ಕಡೆಯ ಅರ್ಧ ಮಾತ್ರ, ತುದಿಯಲ್ಲಿ ಕೆಂಪು ಕೆಂಪಾಗಿ. ಪಡುವಣ ಕಡೆ ಇನ್ನೂ ಬೋಳು, ಅಷ್ಟು ಎಳೆಚಿಗುರಿನಿಂದ ಮಗ್ಗದ ಕೋಣೆಗೆ ನೆರಳಾಗದು. ಈ ಬೇಸಿಗೆಯಿಡೀ ಶೀಟಿನ ಮೇಲೆ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಮಾತ್ರ ನೇಯ್ದೆವು. ಬರುವ ಬೇಸಿಗೆಯೂ ಹೀಗೇ. ಮಳೆ ಬಿದ್ದ ಮೇಲೆ ಸಾಬ್ರು ಕೊಟ್ಟ ಹೊಂಗೆ, ಚಳ್ಳೆ ಅವರು ಹೇಳಿದ ಗುಂಡಿಯಲ್ಲೇ ನಿಂತಿವೆ, ನನ್ನ ಮೊಣಕಾಲೆತ್ತರ. ಮೂರು ಮರ, ಮೂರು ಜಾತಿ. ಇನ್ನು ಯಾವ ಕಾಯಿಲೆ ಬಂದರೂ ಮೂರನ್ನೂ ಒಂದೇ ಸಲ ಒಯ್ಯಲಾರದು. ಅತ್ತೆ ಅಮ್ಮನ ಜೊತೆಗೆ ಹೊಂಗೆಗೂ ಚಳ್ಳೆಗೂ ಒಂದೊಂದು ಬೊಟ್ಟು ಇಟ್ಟು ಬರುತ್ತಾರೆ. ಸಂಜೆ ಇವನ್ನೆಲ್ಲ ಎಣಿಸಿದರೆ ಒಂದು ಕೈಯ ಬೆರಳು ಸಾಲುವುದಿಲ್ಲ.

ಮೊನ್ನೆ ಮಳೆ ಹಿಡಿದು ಥಂಡಿಯಾಯಿತೆಂದು ಬಚ್ಚಲ ಒಲೆಗೆ ಗೋಡೆಯ ಪಕ್ಕ ಉಳಿದಿದ್ದ ಕೊನೆಯ ಬೇವಿನ ತುಂಡು ಇಟ್ಟೆ. ಬೇಸಿಗೆಯ ಬಿಸಿಲಿಗೆ ಚೆನ್ನಾಗಿ ಒಣಗಿತ್ತು. ಕಡ್ಡಿ ಗೀರಿದೊಡನೆ ಹತ್ತಿಕೊಂಡಿತು. ಹೊಗೆಯಿಲ್ಲ, ಸದ್ದಿಲ್ಲ, ತುದಿಯಲ್ಲಿ ಒಂದು ಹನಿ ನೊರೆಯಿಲ್ಲ. ಊದುಕೊಳವೆ ಕೈಯಲ್ಲೇ ಉಳಿಯಿತು, ಚಳಿಗಾಲದಲ್ಲಿ ಇದೇ ಸೌದೆಯ ತುದಿಯಲ್ಲಿ ಉಕ್ಕುತ್ತಿದ್ದ ನೊರೆ ನೆನಪಾಯಿತು.

ಹೇಳಿ, ಸತ್ತ ಮರ ಎಲ್ಲಿಯಾದರೂ ನೊರೆ ಬಿಡುತ್ತದೆಯೇ?